ಭೂಮಿ ತಿರುಗುವುದಕ್ಕೂ ಮಳೆ-ಗಾಳಿಗೂ ಏನು ಸಂಬಂಧ?

ಭೂಮಿ ತಿರುಗದೇ ಇದ್ದಿದ್ದರೆ ಲೆಕ್ಕ ಸುಲಭವಾಗಿರುತ್ತಿತ್ತು. ಸಮಭಾಜಕದ ಬಳಿ ಬಿಸಿಯಾದ ಗಾಳಿ ಮೇಲೇರಿ ಧ್ರುವದ ಕಡೆ ಹೋಗುತ್ತಿತ್ತು, ಅಲ್ಲಿಯ ತಣ್ಣನೆ ಗಾಳಿ ನೆಲದ ಮೇಲೇ ಇತ್ತ ಬರುತ್ತಿತ್ತು. ಆದರೆ ಭೂಮಿ ತಿರುಗುತ್ತದೆ, ಅದೂ ನೆಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ. ಸಮಭಾಜಕದಲ್ಲಿ ಗಂಟೆಗೆ ಸುಮಾರು 1,670 ಕಿ.ಮೀ., 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ಹಾಗಾಗಿ ಧ್ರುವದತ್ತ ಹೊರಟ ಗಾಳಿ ಕೆಳಗಿನ ನೆಲಕ್ಕಿಂತ ಮುಂದೆ ಸಾಗುತ್ತದೆ. ನಮಗೆ ಅದು ಬಾಗಿದಂತೆ ಕಾಣುತ್ತದೆ: ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಇದೇ ಕೊರಿಯಾಲಿಸ್ ಪರಿಣಾಮ. ಚಂಡಮಾರುತಗಳು ಉತ್ತರದಲ್ಲಿ ಅಪ್ರದಕ್ಷಿಣವಾಗಿ, ದಕ್ಷಿಣದಲ್ಲಿ ಪ್ರದಕ್ಷಿಣವಾಗಿ ಸುತ್ತುವುದು ಇದರಿಂದಲೇ. ಸಮಭಾಜಕಕ್ಕೆ ತೀರಾ ಹತ್ತಿರ ಈ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಚಂಡಮಾರುತ ಹುಟ್ಟುವುದೇ ಅಪರೂಪ. (ಸಿಂಕ್‌ನಲ್ಲಿ ನೀರು ಸುತ್ತುವುದಕ್ಕೂ ಇದೇ ಕಾರಣ ಅನ್ನೋದು ಸುಮ್ನೆ ಮಾತು. ಅಷ್ಟು ಚಿಕ್ಕ ಜಾಗದಲ್ಲಿ ಇದರ ಆಟ ನಡೆಯುವುದಿಲ್ಲ.)

ಇನ್ನು ವಾಯುರಾಶಿ, ಅಂದರೆ ಉದ್ದಗಲಕ್ಕೂ ಹೆಚ್ಚುಕಡಿಮೆ ಒಂದೇ ಗುಣ ಇರುವ ಗಾಳಿಯ ದೊಡ್ಡ ರಾಶಿ. ಒಂದೇ ಜಾಗದಲ್ಲಿ ಹಲವು ದಿನ ನಿಂತ ಗಾಳಿ ಅಲ್ಲಿಯ ಗುಣ ಹಿಡಿಯುತ್ತದೆ: ಸಾಗರದ ಮೇಲಿದ್ದರೆ ತೇವ, ಖಂಡದ ಒಳಗಿದ್ದರೆ ಒಣ. ಬೆಚ್ಚನೆಯದೂ ತಣ್ಣನೆಯದೂ ಎದುರಾದರೆ ಬೇಗ ಬೆರೆಯುವುದಿಲ್ಲ. ಹಗುರವಾದ ಬೆಚ್ಚನೆ ಗಾಳಿ ಮೇಲೇರಿ, ತಣ್ಣಗಾಗಿ, ಮೋಡ ಕಟ್ಟಿ ಮಳೆ ಸುರಿಸುತ್ತದೆ.

ಬೆಟ್ಟ ಮಾಡುವುದೂ ಅದನ್ನೇ, ಗಾಳಿಯನ್ನು ಮೇಲಕ್ಕೆ ಹತ್ತಿಸುವುದು. ದಕ್ಷಿಣ ಚಿಲಿಯಲ್ಲಿ ಪೆಸಿಫಿಕ್ ಸಾಗರದಿಂದ ಬರುವ ಗಾಳಿ ಆಂಡಿಸ್ ಪರ್ವತ ಹತ್ತುತ್ತಾ ಜಾಸ್ತಿ ಮಳೆಯನ್ನು ಇತ್ತಲೇ ಸುರಿಸಿಬಿಡುತ್ತದೆ. ಆಚೆ ಇಳಿಯುವಾಗ ಅದು ಬಿಸಿಯಾಗಿ, ಒಣಗಿರುತ್ತದೆ. ಅರ್ಜೆಂಟೀನಾ ಕಡೆಯ ಪ್ಯಾಟಗೋನಿಯಾ ಬರಡಾಗಿರುವುದು ಇದಕ್ಕೇ.