ಕಾಮಾಲೆ ಯಾರ ಕಣ್ಣಿಗೆ?

ಪತ್ರ ಬರೆದ ಸೋದರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಏನಿತ್ತು ಎಂದು ಉಳಿದ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲ್ಲರ ಟೇಬಲ್ ಹತ್ತಿರ ಬಂದು "ಕೆಲಸ ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ಪಕ್ಕದ ಸೀಟಿನ ಗೆಳತಿಗೆ ಇದರಿಂದ ಖುಷಿಯೋ ಖುಷಿ. "ಕೊನೆಗೂ ನಮ್ಮನ್ನ ವಿಚಾರಿಸೋರು ಒಬ್ರು ಬಂದ್ರು" ಅನ್ನುತ್ತಾರೆ. ನಿಮಗೆ ಮಾತ್ರ ಅದು ಕಾವಲು ಕಾದಂತೆ ಅನಿಸುತ್ತದೆ. ಮನೆಯಲ್ಲಿ ಹೇಳಿಕೊಂಡರೆ ಯಜಮಾನರು "ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ, ನೀನು ನೋಡೋ ರೀತಿ ಬದಲಾಯಿಸ್ಕೋ" ಅಂದರಂತೆ. "ನನ್ನ ಕಣ್ಣೇ ಸರಿಯಿಲ್ವಾ ಸಾರ್?" ಎಂದು ಕೇಳಿದ್ದೀರಿ.

ಈ ಗಾದೆಯನ್ನು ಜನ ಬೇರೆಯವರಿಗೆ ಹೇಳುವುದನ್ನು ಕೇಳಿದ್ದೇನೆ, ತಮಗೆ ತಾವೇ ಹೇಳಿಕೊಂಡದ್ದನ್ನು ಕೇಳಿಲ್ಲ. ಅಂದಹಾಗೆ, ಕಾಮಾಲೆ ಬಂದವರಿಗೆ ಸಾಮಾನ್ಯವಾಗಿ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಎದುರಿಗಿದ್ದವರಿಗೆ ಅವರ ಕಣ್ಣು ಹಳದಿಯಾಗಿ ಕಾಣುತ್ತದೆ, ಅಷ್ಟೇ.

ನಿಮ್ಮ ಕಣ್ಣಿಗೆ ಬಣ್ಣ ಮೆತ್ತಿದೆ, ಗೆಳತಿಯ ಕಣ್ಣು ಮಾತ್ರ ಶುದ್ಧ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ತಂಡಗಳ ನಡುವೆ ಅವರ ದೇಶದ ಶೈಲಿಯ ಫುಟ್‌ಬಾಲ್ ಪಂದ್ಯ ನಡೆಯಿತು. ತೀರಾ ಒರಟು ಆಟ. ಒಂದು ಕಡೆಯವನ ಮೂಗು ಮುರಿಯಿತು, ಇನ್ನೊಂದು ಕಡೆಯವನ ಕಾಲು ಮುರಿಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಅದೇ ಕಾಲೇಜಿನವರಿಗೆ ಸರಾಸರಿ 4.3 ಕಂಡವು. ಪ್ರಿನ್ಸ್‌ಟನ್‌ನವರಿಗೆ 9.8! ಇಬ್ಬರೂ ನೋಡಿದ್ದು ಒಂದೇ ಫಿಲ್ಮ್. ಯಾರೂ ಬೇಕೆಂದೇ ಸುಳ್ಳು ಲೆಕ್ಕ ಕೊಟ್ಟಂತೆ ಇರಲಿಲ್ಲ. ಯಾವುದು ಲೆಕ್ಕಕ್ಕೆ ಬರಬೇಕು, ಯಾವುದು ಬೇಡ ಅನ್ನುವುದನ್ನು ಅವರ ಒಲವು ಮೊದಲೇ ಆರಿಸಿಬಿಟ್ಟಿತ್ತು. ನಿಮ್ಮ ಗೆಳತಿ ಮ್ಯಾನೇಜರ್‌ ಮುಖದ ನಗು ನೋಡಿರಬಹುದು, ನೀವು ಅವರ ಕೈಯಲ್ಲಿದ್ದ ನೋಟ್‌ಬುಕ್ ನೋಡಿರಬಹುದು. ಎರಡೂ ಅಲ್ಲೇ ಇದ್ದವು ಅಲ್ವಾ?

ಇಷ್ಟಕ್ಕೇ ನಿಲ್ಲಿಸಿದರೆ ಯಜಮಾನರ ಮಾತೇ ಸರಿ ಎಂದಾಗುತ್ತದೆ. ಆದರೆ ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ, ನೀವು ಸುಮ್ನೆ ಬರೆದು ದಾಟಿಹೋಗಿದ್ದೀರಿ. ಹಿಂದಿನ ಕೆಲಸದಲ್ಲೂ ಹೀಗೇ ದಿನಾ ವಿಚಾರಿಸಿ, ಆಮೇಲೆ ನಿಮ್ಮನ್ನು ಕೆಲಸದಿಂದ ತೆಗೆದಿದ್ದರು. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನಿಸಿದ್ದು ಇದೇ.

ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿದ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಭಾರಿ ಗಾಯವಾಗಿದ್ದರೂ ಹೆಚ್ಚಿನ ಸೈನಿಕರು ನೋವಿನ ಔಷಧಿ ಬೇಡ ಅನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ, ಶಸ್ತ್ರಚಿಕಿತ್ಸೆಯಾದ ಸಾಮಾನ್ಯ ರೋಗಿಗಳನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿಗೆ ಔಷಧಿ ಬೇಕಿತ್ತು. ಸೈನಿಕನಿಗೆ ಗಾಯವೆಂದರೆ ಜೀವ ಉಳಿಯಿತು, ಇನ್ನು ಮನೆಗೆ ಹೋಗಬಹುದು. ಊರಿನವನಿಗೆ ಅಲ್ಲಿಂದಲೇ ಕಷ್ಟ ಶುರು. ಬೀಚರ್ ಕೊಟ್ಟ ವಿವರಣೆ ಇದು. ಸೈನಿಕನಿಗೆ ಯಾರೂ "ಪಾಸಿಟಿವ್ ಆಗಿರಪ್ಪಾ" ಅಂತ ಉಪದೇಶ ಮಾಡಿರಲಿಲ್ಲ. ಅವನು ಎಲ್ಲಿಂದ ಬಂದಿದ್ದ ಅನ್ನುವುದೇ ಗಾಯಕ್ಕೆ ಬೇರೆ ಅರ್ಥ ಕೊಟ್ಟಿತ್ತು. ನೀವೂ ಒಂದು ಕಡೆಯಿಂದ ಬಂದವರು. ಆ ಪ್ರಶ್ನೆಗೆ ನೀವು ಒಮ್ಮೆ ಬೆಲೆ ತೆತ್ತಿದ್ದೀರಿ, ಗೆಳತಿ ತೆತ್ತಿಲ್ಲ. ಹಾಗಾಗಿ "ಇಬ್ಬರದೂ ಒಂದೇ ಪರಿಸ್ಥಿತಿ" ಅನ್ನುವುದೇ ಅರ್ಧ ಸತ್ಯ.

ಹಾಗಂತ ನಿಮ್ಮ ಭಯವೇ ನಿಜ ಎಂದೂ ನಾನು ಹೇಳುತ್ತಿಲ್ಲ. ಹಿಂದಿನ ಮ್ಯಾನೇಜರ್ ಮಾಡಿದ್ದನ್ನೇ ಇವರೂ ಮಾಡಬೇಕೆಂದಿಲ್ಲವಲ್ಲ.

ನೋಡುವ ರೀತಿ ಬದಲಾಯಿಸಿಕೋ ಎಂದ ಮಾತ್ರಕ್ಕೆ ಅದು ಬದಲಾಗುವುದೂ ಕಷ್ಟ. 1984ರಲ್ಲಿ ಲಾರ್ಡ್, ಲೆಪರ್ ಮತ್ತು ಪ್ರೆಸ್ಟನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಒಂದು ವಿವಾದದ ಬಗ್ಗೆ ನಡೆದ ಅಧ್ಯಯನಗಳನ್ನು ಜನರಿಗೆ ಕೊಟ್ಟು, ಅವು ಎಷ್ಟು ಸರಿ ಎಂದು ತೀರ್ಪು ಕೊಡಲು ಹೇಳಿದರು. "ಪಕ್ಷಪಾತ ಬಿಟ್ಟು ನೋಡಿ" ಎಂದು ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ. "ಫಲಿತಾಂಶ ಇದಕ್ಕೆ ಉಲ್ಟಾ ಬಂದಿದ್ದರೂ ಹೀಗೇ ತೀರ್ಪು ಕೊಡುತ್ತಿದ್ದಿರಾ?" ಎಂದು ಕೇಳಿಕೊಳ್ಳಲು ಹೇಳಿದಾಗ ಪಕ್ಷಪಾತ ತಗ್ಗಿತು. ನೀವೂ ಹಾಗೇ ಕೇಳಿಕೊಳ್ಳಿ. ಈ ಮ್ಯಾನೇಜರ್ ನಿಮ್ಮ ಟೇಬಲ್ ಕಡೆ ತಲೆಯೇ ಹಾಕದೆ ಓಡಾಡಿಕೊಂಡಿದ್ದರೆ ನಿಮಗೆ ನೆಮ್ಮದಿ ಆಗುತ್ತಿತ್ತಾ? "ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ" ಅನಿಸುತ್ತಿತ್ತಾ? ಎರಡರಲ್ಲೂ ಭಯವೇ ಆಗುತ್ತದೆ ಅಂತಾದರೆ, ಅದು ಹಳೆಯ ಆಫೀಸಿನಿಂದ ಜೊತೆಗೆ ಬಂದದ್ದು. ಇವರು ಬೇರೆಯವರ ಹತ್ತಿರ ಎರಡು ಮಾತಾಡಿ ಹೋಗಿ, ನಿಮ್ಮ ಹತ್ತಿರ ಮಾತ್ರ ಜಾಸ್ತಿ ಹೊತ್ತು ನಿಂತು ಬರೆದುಕೊಳ್ಳುತ್ತಾರೆ ಅಂತಾದರೆ, ನಿಮ್ಮ ಕಣ್ಣು ಕಂಡದ್ದರಲ್ಲಿ ಏನೋ ಇದೆ. ಆಗ ಬಿಡುವಿನ ಹೊತ್ತಲ್ಲಿ ಅವರನ್ನೇ ಕೇಳಿ: "ಸಾರ್, ನನ್ನ ಕೆಲಸದಲ್ಲಿ ಏನಾದರೂ ಕೊರತೆ ಕಾಣ್ತಿದೆಯಾ?" ಅವರು ಏನು ಹೇಳಿದರು ಎಂದು ನಮಗೂ ಬರೆಯಿರಿ.

– ಸಂಪಾದಕ