ಹುಂಜದ ವೀರ್ಯ ಎಷ್ಟು ಹೊತ್ತು ಉಳಿಯುತ್ತದೆ?

ಪ್ರಶ್ನೆ: ನಮ್ಮಲ್ಲಿ ಊರಿನ ತಳಿಯ ಒಳ್ಳೆಯ ಹುಂಜವೊಂದಿದೆ. ಮಂಜೇಶ್ವರದ ಅಕ್ಕನ ಮನೆಯ ಹೇಂಟೆಗಳಿಗೆ ಅದರ ವೀರ್ಯ ಕೊಡಿಸಬೇಕೆಂದಿದ್ದೇವೆ. ಅಲ್ಲಿಗೆ ಹೋಗಲು ಒಂದೂವರೆ ಗಂಟೆ ಬೇಕು. ದನಗಳ ವೀರ್ಯದಂತೆ ದ್ರವ ಸಾರಜನಕದಲ್ಲಿಟ್ಟು ವರ್ಷಗಟ್ಟಲೆ ಕಾಪಿಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಮಂಜೇಶ್ವರದವರೆಗೆ ಒಯ್ಯುವುದು ಖಂಡಿತ ಸಾಧ್ಯ. ಆದರೆ ವರ್ಷಗಟ್ಟಲೆ ಹೆಪ್ಪುಗಟ್ಟಿಸಿ ಇಡುವುದು ಪ್ರಯೋಗಾಲಯದ ಕೆಲಸವೇ ಹೊರತು ಮನೆಯಲ್ಲಿ ಆಗುವಂಥದ್ದಲ್ಲ.

ಹುಂಜ ಒಂದು ಸಲಕ್ಕೆ ಕೊಡುವುದು ಸುಮಾರು 0.2ರಿಂದ 0.5 ಮಿ.ಲೀ. ವೀರ್ಯ ಮಾತ್ರ. ಪ್ರಮಾಣ ಕಡಿಮೆಯಾದರೂ ಪ್ರತಿ ಮಿ.ಲೀ.ಯಲ್ಲಿ ನೂರಾರು ಕೋಟಿ ವೀರ್ಯಾಣುಗಳಿರುವುದರಿಂದ ಅವು ತಮ್ಮ ಆಹಾರವನ್ನೂ ಆಮ್ಲಜನಕವನ್ನೂ ಬೇಗನೆ ಮುಗಿಸಿಕೊಳ್ಳುತ್ತವೆ. ಹಾಗಾಗಿ ಏನನ್ನೂ ಬೆರೆಸದ ವೀರ್ಯವನ್ನು ಅರ್ಧ ಗಂಟೆಯೊಳಗೆ ಬಳಸಬೇಕು. ನಿಮ್ಮ ದಾರಿ ಅದಕ್ಕಿಂತ ದೂರದ್ದಾದ್ದರಿಂದ, ಕೋಳಿ ವೀರ್ಯಕ್ಕೆಂದೇ ತಯಾರಿಸಿದ ಡೈಲ್ಯೂಯೆಂಟ್ (ವೀರ್ಯವನ್ನು ತೆಳುಮಾಡುವ) ದ್ರಾವಣವನ್ನು ಒಂದು ಭಾಗ ವೀರ್ಯಕ್ಕೆ ಒಂದು ಭಾಗದಂತೆ ಮೆಲ್ಲಗೆ ಬೆರೆಸಿ, ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಐಸ್ ತುಂಬಿದ ಥರ್ಮಾಸಿನಲ್ಲಿ ಒಯ್ಯುವಾಗ ನಳಿಕೆಗೆ ಬಟ್ಟೆ ಸುತ್ತಿ, ಅದಕ್ಕೆ ಐಸ್ ನೇರವಾಗಿ ತಾಗದಂತೆ ನೋಡಿಕೊಳ್ಳಿ. ನಳಿಕೆಯನ್ನು ಬಾಯಿಯವರೆಗೆ ತುಂಬಬೇಡಿ, ಒಳಗೆ ಗಾಳಿ ಇರಲೇಬೇಕು. ನಲ್ಲಿ ನೀರಿನ ಹನಿಗಳು ಸೇರಿದರೂ ವೀರ್ಯಾಣುಗಳು ಉಬ್ಬಿ ಸಾಯುತ್ತವೆ. ಹೀಗೆ ತಂಪಾಗಿಟ್ಟ ವೀರ್ಯ 24 ಗಂಟೆಯವರೆಗೂ ಕೆಲಸಕ್ಕೆ ಬರಬಹುದಾದರೂ ಗಂಟೆಗಂಟೆಗೂ ಅದರ ಶಕ್ತಿ ಕುಂದುವುದರಿಂದ, ಮಧ್ಯಾಹ್ನ ತೆಗೆದು ಅದೇ ಸಂಜೆಯೊಳಗೆ ಬಳಸುವುದು ಲೇಸು.

ವೀರ್ಯ ಹಾಲಿನಂತೆ ಬೆಳ್ಳಗಿರಬೇಕು. ಹಿಕ್ಕೆ ಅಥವಾ ರಕ್ತ ಬೆರೆತದ್ದನ್ನು ಎಸೆಯಿರಿ. ತೆಗೆಯುವ ಮೊದಲು ಹುಂಜಕ್ಕೆ ಕೆಲವು ಗಂಟೆ ಆಹಾರ ಕೊಡದಿದ್ದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಹೇಂಟೆಗೆ ಕೊಡುವ ಹೊತ್ತೂ ಮುಖ್ಯ. ಗಟ್ಟಿ ಓಡಿನ ಮೊಟ್ಟೆ ಒಳಗಿದ್ದರೆ ವೀರ್ಯದ ದಾರಿಗೆ ಅಡ್ಡಿಯಾಗುವುದರಿಂದ, ಹೆಚ್ಚಿನ ಹೇಂಟೆಗಳು ಮೊಟ್ಟೆಯಿಟ್ಟು ಮುಗಿಸಿರುವ ಮಧ್ಯಾಹ್ನ ಮೂರರ ನಂತರ ಕೊಡಿ. ಒಂದು ಹೇಂಟೆಗೆ ಸುಮಾರು 10 ಕೋಟಿ ವೀರ್ಯಾಣು, ಅಂದರೆ ಮೇಲೆ ಹೇಳಿದಂತೆ ಬೆರೆಸಿದ್ದರೆ 0.1 ಮಿ.ಲೀ. ಸಾಕಾಗುತ್ತದೆ. ಅಂಡನಾಳದ ಬಾಯಿ ಹೊರಕಾಣುವಂತೆ ಹೇಂಟೆಯ ಹೊಟ್ಟೆಯನ್ನು ಒತ್ತಿ ಹಿಡಿಯಬೇಕು. ಆ ಒತ್ತಡವನ್ನು ಸಡಿಲಿಸುತ್ತಾ ವೀರ್ಯ ಬಿಡದಿದ್ದರೆ ಅದು ಹೊರಗೆ ಹರಿದುಬರುತ್ತದೆ. ಹೇಂಟೆಯ ಅಂಡನಾಳದಲ್ಲಿ ವೀರ್ಯಾಣುಗಳನ್ನು ಸಂಗ್ರಹಿಸಿಡುವ ಪುಟ್ಟ ನಳಿಕೆಗಳಿವೆ. ಹೊರಗೆ ಇಷ್ಟು ಬೇಗ ಸಾಯುವ ವೀರ್ಯಾಣು ಅಲ್ಲಿ 41 ಡಿಗ್ರಿ ಮೈಬಿಸಿಯಲ್ಲೂ ವಾರಕ್ಕೂ ಹೆಚ್ಚು ಕಾಲ ಬದುಕುವುದು ನಿಜಕ್ಕೂ ವಿಸ್ಮಯದ ಸಂಗತಿ! ಆದ್ದರಿಂದ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಮರಿ ಮಾಡಿಸುವ ಮೊಟ್ಟೆಗಳನ್ನು ಮೂರನೆಯ ದಿನದಿಂದ ಆರಿಸಿಕೊಳ್ಳಿ.

ಇನ್ನು ಹೆಪ್ಪುಗಟ್ಟಿಸುವ ವಿಚಾರ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತದೆ ಎಂಬುದನ್ನು 1949ರಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಕಂಡುಕೊಂಡದ್ದು ಹುಂಜದ ವೀರ್ಯದಲ್ಲೇ. ಆದರೂ ಅದರ ಪೂರ್ಣ ಲಾಭ ದೊರೆತದ್ದು ದನಗಳಿಗೆ, ಏಕೆಂದರೆ ಹೇಂಟೆಯ ಅಂಡನಾಳದಲ್ಲಿ ಗ್ಲಿಸರಾಲ್ ಗರ್ಭನಿರೋಧಕದಂತೆ ವರ್ತಿಸುತ್ತದೆ. ಕರಗಿಸಿದ ಮೇಲೆ ಅದನ್ನು ವೀರ್ಯದಿಂದ ತೊಳೆದು ತೆಗೆಯಬೇಕು, ಹಾಗೆ ತೊಳೆಯುವಾಗ ಬಹಳಷ್ಟು ವೀರ್ಯಾಣುಗಳು ಹಾಳಾಗುತ್ತವೆ. ಗ್ಲಿಸರಾಲ್ ಬದಲು ಡೈಮೀಥೈಲ್ ಅಸಿಟಮೈಡ್‌ನಂಥ ಬೇರೆ ರಾಸಾಯನಿಕಗಳನ್ನು ಬಳಸುವ ವಿಧಾನಗಳೂ ಇವೆ, ಆದರೆ ಫಲಿತಾಂಶ ತಳಿಯಿಂದ ತಳಿಗೆ ಮಾತ್ರವಲ್ಲ, ಹುಂಜದಿಂದ ಹುಂಜಕ್ಕೂ ಬದಲಾಗುತ್ತದೆ.

ತಳಿ ಉಳಿಸುವುದು ನಿಮ್ಮ ಉದ್ದೇಶವಾಗಿದ್ದರೆ ಇನ್ನೊಂದು ಮಾತು. ಕೋಳಿಗಳಲ್ಲಿ ಲಿಂಗ ನಿರ್ಧರಿಸುವ ವರ್ಣತಂತುಗಳಲ್ಲೊಂದಾದ ಡಬ್ಲ್ಯೂ (W) ವರ್ಣತಂತು ಇರುವುದು ಹೇಂಟೆಯಲ್ಲಿ ಮಾತ್ರ. ಆದ್ದರಿಂದ ವೀರ್ಯವನ್ನು ಎಷ್ಟು ಜೋಪಾನವಾಗಿಟ್ಟರೂ ತಾಯಿಯ ಕಡೆಯ ಆ ಅಂಶ ಉಳಿಯದು. ಅಕ್ಕನ ಮನೆಯಲ್ಲಿ ಬೇರೆ ತಳಿಯ ಹೇಂಟೆಗಳಿದ್ದರೆ ಹುಟ್ಟುವುದು ಮಿಶ್ರತಳಿಯ ಮರಿಗಳು. ಹಾಗಾಗಿ ನಿಮ್ಮ ಹುಂಜದ ತಳಿಯವೇ ಆದ ಕೆಲವು ಹೇಂಟೆಗಳನ್ನು ಬದಿಯಡ್ಕದಲ್ಲೂ ಮಂಜೇಶ್ವರದಲ್ಲೂ ಬೇರೆಬೇರೆಯಾಗಿ ಸಾಕಿಕೊಳ್ಳಿ, ಒಂದು ಕಡೆ ಕೊಕ್ಕರೆ ರೋಗ ಬಡಿದರೂ ಇನ್ನೊಂದು ಕಡೆ ತಳಿ ಉಳಿದಿರುತ್ತದೆ.