ಮನೆಯಲ್ಲಿ ಯುಪಿಎಸ್ ಇದ್ದರೂ ನೆಟ್ ಹೋಗುವುದೇಕೆ?

ಕೆಂಗೇರಿಯಲ್ಲಿ ಕರೆಂಟ್ ಹೋದರೆ, ರೌಟರ್ ಯುಪಿಎಸ್ ಮೇಲೆ ಓಡುತ್ತಿದ್ದರೂ ಗಂಟೆಯೊಳಗೆ ಫೈಬರ್ ನೆಟ್ಟೂ ಮೊಬೈಲ್ ಸಿಗ್ನಲ್ಲೂ ಹೋಗುತ್ತವೆ, ಯಾಕೆ ಅಂತ ಕೇಳಿದ್ದೀರಿ. ತೊಂದರೆ ಬಹುಶಃ ನಿಮ್ಮ ಮನೆಯಲ್ಲಿಲ್ಲ, ಆಪರೇಟರ್ ಕಡೆಯ, ಅಂದರೆ ಟವರ್ ಮತ್ತು ಫೈಬರ್ ಉಪಕರಣದ ಬ್ಯಾಟರಿಯಲ್ಲಿದೆ.

ಟವರಿನ ಉಪಕರಣ ಓಡುವುದು 48 ವೋಲ್ಟ್ ಡಿಸಿಯಲ್ಲಿ. 2 ವೋಲ್ಟಿನ 24 ಲೆಡ್-ಆ್ಯಸಿಡ್ ಸೆಲ್‌ಗಳ ಬ್ಯಾಂಕ್ ಹೊಸದಿದ್ದಾಗ ಗಂಟೆಗಟ್ಟಲೆ ಎಳೆಯುತ್ತದೆ. ಆದರೆ ಖಾಲಿಯಾದದ್ದು ಪೂರ್ತಿ ತುಂಬಲು ಸುಮಾರು 10 ಗಂಟೆ ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ತುಂಬುವುದೇ ಇಲ್ಲ. ಹೀಗೆ ಅರೆಹೊಟ್ಟೆಯಲ್ಲೇ ಉಳಿದ ಸೆಲ್‌ನ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಸಾಮರ್ಥ್ಯ ಕುಸಿಯುತ್ತದೆ. ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಂತೂ ಇನ್ನೂ ಬೇಗ. ವೋಲ್ಟೇಜ್ 43-44ರ ಹತ್ತಿರ ಇಳಿದಾಗ ಬ್ಯಾಟರಿ ಹಾಳಾಗದಿರಲೆಂದು ರಿಲೇ (ತಾನಾಗಿ ಕೆಲಸ ಮಾಡುವ ಸ್ವಿಚ್) ಟವರಿನ ಉಪಕರಣವನ್ನೇ ಬ್ಯಾಟರಿಯಿಂದ ಬಿಡಿಸುತ್ತದೆ. ಡೀಸೆಲ್ ಜನರೇಟರ್ ಇಲ್ಲದ ತಾರಸಿ ಟವರಾದರೆ ಅಲ್ಲಿಗೆ ಸಿಗ್ನಲ್ ಮುಗಿಯಿತು.

ಫೈಬರ್ ವಿಷಯದಲ್ಲಿ, ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಬೀದಿಯ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ನೆಟ್ ಹೋದ ಕ್ಷಣ ಮನೆಯ ಓಎನ್‌ಟಿ ಪೆಟ್ಟಿಗೆಯ (ಫೈಬರ್ ಬಂದು ಸೇರುವ ಪೆಟ್ಟಿಗೆ) ದೀಪ ನೋಡಿ. ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಅಂತ ತೋರಿಸುವ ಎಲ್‌ಓಎಸ್ (LOS) ದೀಪ ಕೆಂಪಗೆ ಮಿನುಗಿ, ಕರೆಂಟ್ ಬಂದಮೇಲೆ ತಾನೇ ಸರಿಹೋದರೆ, ಫೈಬರಿಗೆ ಬೆಳಕು ಕಳಿಸುವ ಆಪರೇಟರ್ ಕಡೆಯ ಉಪಕರಣ, ಓಎಲ್‌ಟಿ, ಆರಿತ್ತು ಅಂತಲೇ ಲೆಕ್ಕ. ಓಎಲ್‌ಟಿ ಜೊತೆ ಸಂಪರ್ಕ ಇದೆ ಅಂತ ತೋರಿಸುವ ಪಾನ್ (PON) ದೀಪ ಹಸಿರಾಗಿಯೇ ಇದ್ದರೆ ಅದಕ್ಕೂ ಆಚೆಯ ಸ್ವಿಚ್ಚೋ ಲಿಂಕೋ ನಿಂತಿರುತ್ತದೆ.

ಎಷ್ಟನೇ ನಿಮಿಷಕ್ಕೆ ಹೋಯಿತು, ಯಾವ ದೀಪ ಹೇಗಿತ್ತು ಅಂತ ಮೂರ್ನಾಲ್ಕು ಸಲ ಬರೆದಿಟ್ಟುಕೊಂಡು ದೂರು ಕೊಡಿ. ಬರೀ "ನೆಟ್ ಇಲ್ಲ" ಅಂದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಸ್ಥಳೀಯ ಕೇಬಲ್‌ನವರಾದರೆ, ಬ್ಯಾಟರಿ ಹಾಕಿ ಎಷ್ಟು ವರ್ಷವಾಯಿತು ಅಂತ ನೇರವಾಗಿ ಕೇಳಿ.